ಹಾಜರಿ ಪುಸ್ತಕದಲ್ಲಿ ಜ್ವರದ ಕಾಲಂ

2025ರ ಜನವರಿ 6, ಸೋಮವಾರ. ಬೆಂಗಳೂರಿನಲ್ಲಿ ಎರಡು ಮಕ್ಕಳಿಗೆ ಎಚ್‌ಎಂಪಿವಿ ಅನ್ನುವ ಉಸಿರಾಟದ ವೈರಸ್ ಸೋಂಕು ಅಂತ ಟಿವಿಯಲ್ಲಿ ಕೆಂಪು ಅಕ್ಷರ ಓಡುತ್ತಿತ್ತು. ಒಂದು ಮಗುವಿಗೆ 3 ತಿಂಗಳು, ಇನ್ನೊಂದಕ್ಕೆ 8 ತಿಂಗಳು. ನಾನು ಆ ಸುದ್ದಿ ನೋಡಿದ್ದು ಎರಡು ಕಂಬಳಿ ಹೊದ್ದು, ಮೂಗು ಕಟ್ಟಿಕೊಂಡು, 101 ಡಿಗ್ರಿ ಜ್ವರದಲ್ಲಿ. ಅದಕ್ಕೂ ನಾಲ್ಕೈದು ದಿನ ಮುಂಚಿನಿಂದ ಇದೇ ವೈರಸ್ ಅಂತ ಹರಿದಾಡುತ್ತಿದ್ದ ಚೀನಾದ ಆಸ್ಪತ್ರೆಗಳ ವಿಡಿಯೋ ನೋಡಿ ನೋಡಿ ಮನೆಮಂದಿಗೆಲ್ಲ ಪಾಠ ಹೇಳುತ್ತಿದ್ದವಳು ನಾನೇ. ನನ್ನ ಗಂಡ ಬಾಗಿಲ ಹೊರಗೇ ನಿಂತು ಬಿಸಿನೀರು ಇಟ್ಟು, "ಏನಂತೆ ಚೀನಾ ಸಮಾಚಾರ?" ಅಂತ ಕೇಳಿ ಹೋದರು.

ನಮ್ಮದು ಕೊಡಗಿನ ಸುಂಟಿಕೊಪ್ಪ ಕಡೆ ಸಣ್ಣ ಕಾಫಿ ತೋಟ. ಜೊತೆಗೆ ಮೂರು ಕೋಣೆಯ ಹೋಂಸ್ಟೇ. ಡಿಸೆಂಬರ್ ಬಂದರೆ ಊರಿಗೆಲ್ಲ ರಜೆ, ನಮಗೆ ದುಪ್ಪಟ್ಟು ಕೆಲಸ. ಅರೇಬಿಕಾ ಹಣ್ಣು ಕುಯ್ಯಬೇಕು, ಕಣದಲ್ಲಿ ಹರವಬೇಕು, ಮಂಜು ಬೀಳುವ ಮೊದಲು ಟಾರ್ಪಾಲು ಮುಚ್ಚಬೇಕು. ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ನೆಂಟರು ಬರುತ್ತಾರೆ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಒಂದು ಕೋಣೆಯೂ ಖಾಲಿ ಇರುವುದಿಲ್ಲ. ಇದರ ಮಧ್ಯೆ ಮನೆಯಲ್ಲಿ 78 ವರ್ಷದ ಅತ್ತೆ. ಜೀವಮಾನವೆಲ್ಲ ಸೌದೆ ಒಲೆ ಊದಿ ಊದಿ ಅವರಿಗೆ ಸಿಒಪಿಡಿ, ಅಂದರೆ ಉಸಿರಾಟ ಕಷ್ಟವಾಗುವ, ವಾಸಿಯಾಗದ ಶ್ವಾಸಕೋಶದ ಕಾಯಿಲೆ. ಅವರು ಅದನ್ನು ದಮ್ಮು ಅಂತಲೇ ಕರೆಯುವುದು. ನಮಗೆ ಮೂರು ದಿನ ಮೂಗು ಸೋರಿಸಿ ಹೋಗುವ ಶೀತ ಅವರಿಗೆ ಮೂರು ವಾರದ ಕಷ್ಟ. ನಾನು ವೈರಸ್ ಸುದ್ದಿಯ ಬೆನ್ನು ಹತ್ತಿದ್ದು ಅದಕ್ಕೆ, ಹುಚ್ಚು ಕುತೂಹಲಕ್ಕಲ್ಲ.

ಇದಕ್ಕೆ ಒಂದು ವರ್ಷ ಹಿಂದಿನ ಕಥೆ ಮೊದಲು ಹೇಳಬೇಕು. 2023ರ ಡಿಸೆಂಬರ್‌ನಲ್ಲಿ ಕೇರಳದಲ್ಲಿ ಜೆಎನ್.1 ಅನ್ನುವ ಕೊರೋನಾ ತಳಿ ಸಿಕ್ಕಿತ್ತು. ಕೊಡಗಿನವರಿಗೆ ಕೇರಳ ಬೇಲಿ ಆಚೆಯ ಮನೆ. ಮಾಕುಟ್ಟ ಇಳಿದರೆ ಇರಿಟ್ಟಿ, ಕುಟ್ಟ ದಾಟಿದರೆ ವಯನಾಡು. ಡಿಸೆಂಬರ್ 18ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಕೊಡಗಿನಲ್ಲೇ ಇದ್ದರು. 60 ದಾಟಿದವರು, ಹೃದಯದ ಕಾಯಿಲೆ ಮತ್ತಿತರ ತೊಂದರೆ ಇರುವವರು ಮಾಸ್ಕ್ ಹಾಕಿಕೊಳ್ಳಬೇಕು ಅಂತ ಇಲ್ಲೇ ಪತ್ರಕರ್ತರಿಗೆ ಹೇಳಿದರು. ಅತ್ತೆ ಟಿವಿ ಮುಂದೆ ಅವರೆಕಾಯಿ ಸುಲಿಯುತ್ತಾ, "ಅರವತ್ತಕ್ಕೆ ಒಂದಾದರೆ ನಂಗೆ ಎರಡು ಹಾಕ್ಬೇಕೇನೋ" ಅಂದರು.

ಆ ಸಂಜೆಯಿಂದ ಫೋನ್ ಬಿಡುವಿಲ್ಲ. ಗಡಿ ಮುಚ್ತಾರಾ, ರಾಜಾಸೀಟ್ ತೆರೆದಿರುತ್ತಾ, ದುಬಾರೆಗೆ ಬಿಡ್ತಾರಾ? ಗಡಿ ಮುಚ್ಚಲಿಲ್ಲ, ಯಾವುದೂ ನಿಲ್ಲಲಿಲ್ಲ. ನಾನು ಮಾತ್ರ ಅಡುಗೆಮನೆ ಕ್ಯಾಲೆಂಡರ್ ಮೇಲೆ ದಿನಾ ಕೇರಳದ ಕೇಸುಗಳ ಲೆಕ್ಕ ಬರೆಯತೊಡಗಿದೆ. ಅಲ್ಲಿ ಪರೀಕ್ಷೆ ಜಾಸ್ತಿ ಮಾಡುತ್ತಾರೆ, ಅದಕ್ಕೆ ಸಂಖ್ಯೆಯೂ ಜಾಸ್ತಿ ಕಾಣುತ್ತದೆ ಅನ್ನುವ ಸರಳ ವಿಷಯ ಆಗ ತಲೆಗೆ ಹೋಗಲಿಲ್ಲ. ಕ್ಯಾಲೆಂಡರ್ ತುಂಬ ಅಂಕಿ. ಆದರೆ ನಮ್ಮದೇ ಲೈನ್ ಮನೆಯಲ್ಲಿ, ಅಂದರೆ ತೋಟದ ಆಳುಗಳ ಸಾಲುಮನೆಯಲ್ಲಿ, ನಾಲ್ಕು ಜನ ಜ್ವರದಿಂದ ಮಲಗಿದ್ದು ನನಗೆ ಗೊತ್ತಾಗಿದ್ದು, ಆಳು ಕಡಿಮೆ ಅಂತ ಮೇಸ್ತ್ರಿ ಗೊಣಗಿದ ಮೇಲೆ. ಆ ಹೊತ್ತಿಗೆ ಅದರಲ್ಲೊಬ್ಬಳು ಎರಡು ದಿನ ನಮ್ಮ ಅಡುಗೆಮನೆಯಲ್ಲಿ ಅತ್ತೆಯ ಪಕ್ಕ ಕೂತು ತೆಂಗಿನಕಾಯಿ ತುರಿದು ಹೋಗಿದ್ದಳು.

ಅತ್ತೆಗೆ ಆ ಸಲ ಏನೂ ಆಗಲಿಲ್ಲ. ಅದೃಷ್ಟ, ಅಷ್ಟೇ. ಆದರೆ ನನಗೆ ನಾಚಿಕೆ ಆಯಿತು. ತಿರುವನಂತಪುರದ ಲೆಕ್ಕ ಗೊತ್ತು, ಹಿತ್ತಲಿನದು ಗೊತ್ತಿಲ್ಲ.

ಮುಂದಿನ ವರ್ಷ ಕುಯ್ಲು ಶುರುವಾದಾಗ ಹಾಜರಿ ಪುಸ್ತಕದಲ್ಲಿ ಒಂದು ಕಾಲಂ ಜಾಸ್ತಿ ಎಳೆದೆ. 'ಯಾಕೆ ಬಂದಿಲ್ಲ' ಅಂತ ಅದರ ತಲೆಬರಹ. ಜ್ವರಕ್ಕೆ 'ಜ್ವ', ಕೆಮ್ಮಿಗೆ 'ಕೆ', ಊರಿಗೆ ಹೋದರೆ 'ಊ'. ಸಂತೆ ದಿನದ ಮಾರನೇ ದಿನಕ್ಕೆ ಮೇಸ್ತ್ರಿಯೇ 'ಕು' ಅಂತ ಒಂದು ಸೇರಿಸಿದ. ಅದು ಯಾವ ಕಾಯಿಲೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಇಷ್ಟಕ್ಕೇ ನಿಲ್ಲಿಸದೆ ವಾರಕ್ಕೊಂದು ಸಲ ಮೂರು ಕಡೆ ಸುಮ್ನೆ ಮಾತಾಡಿಸುತ್ತಿದ್ದೆ. ಮೆಡಿಕಲ್ ಶಾಪಿನಲ್ಲಿ, ಕೆಮ್ಮಿನ ಸಿರಪ್ ಹೇಗೆ ಹೋಗ್ತಿದೆ ಅಂತ. ಪಕ್ಕದ ಮನೆಯ ಟೀಚರ್ ಹತ್ತಿರ, ತರಗತಿಯಲ್ಲಿ ಎಷ್ಟು ಮಕ್ಕಳು ಬಂದಿಲ್ಲ ಅಂತ. ಮತ್ತೆ ನಮ್ಮ ಆಶಾ ಕಾರ್ಯಕರ್ತೆ ಹತ್ತಿರ. ಅವರೇ ಒಂದು ದಿನ ನಗುತ್ತಾ, "ನಾವು ಮಾಡೋದೂ ಇದೇ ಅಲ್ವಾ ಅಕ್ಕ" ಅಂದರು. ನಿಜ. ಜ್ವರ-ಕೆಮ್ಮು ಎಷ್ಟು ಜನಕ್ಕೆ, ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಿದವರು ಎಷ್ಟು ಅಂತ ಸರ್ಕಾರವೂ ಲೆಕ್ಕ ಇಡುತ್ತದೆ. ಆ ಎಚ್‌ಎಂಪಿವಿ ಮಕ್ಕಳಿಬ್ಬರೂ ಹೊರದೇಶಕ್ಕೆ ಹೋಗಿ ಬಂದವರಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಎಂದಿನಂತೆ ನಡೆಸುವ ನಿಗಾದಲ್ಲೇ ಅವರ ಸೋಂಕು ಗೊತ್ತಾಗಿದ್ದು.

2024ರ ಡಿಸೆಂಬರ್ ಮಧ್ಯದಲ್ಲಿ ಹುತ್ತರಿ ಬಂತು. ರಾತ್ರಿ ಗದ್ದೆಗೆ ಹೋಗಿ ಕದಿರು ಕೊಯ್ದು, ಎಲ್ಲರೂ ಗಂಟಲು ಹರಿಯುವ ಹಾಗೆ "ಪೊಲಿ ಪೊಲಿ ದೇವಾ" ಅಂತ ಕೂಗಿದೆವು. ಗದ್ದೆಯಲ್ಲಿ, ಬಯಲಲ್ಲಿ ಎಷ್ಟು ಕೂಗಿದರೂ ನನಗೆ ಚಿಂತೆ ಇಲ್ಲ. ಚಿಂತೆ ಇದ್ದಿದ್ದು ಆಮೇಲೆ ಬಾಗಿಲು ಹಾಕಿ, ಇಪ್ಪತ್ತು ಜನ ನಡುಮನೆಯಲ್ಲಿ ಒತ್ತೊತ್ತಾಗಿ ಕೂತು ತಂಬಿಟ್ಟು ತಿನ್ನುವಾಗ. ಹಬ್ಬದ ಮರುವಾರ ಪುಸ್ತಕ ನೋಡಿದರೆ, 12 ಜನರಲ್ಲಿ 5 ಜನಕ್ಕೆ 'ಜ್ವ'. ಮೆಡಿಕಲ್ ಶಾಪಿನವರೂ ಅದನ್ನೇ ಹೇಳಿದರು. ಆಗಿನ್ನೂ ಎಚ್‌ಎಂಪಿವಿ ಅನ್ನುವ ಹೆಸರನ್ನೇ ನಾವು ಕೇಳಿರಲಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್ ವಿವರಿಸಿದರು: ನಮ್ಮ ದೇಶದಲ್ಲಿ ಫ್ಲೂ ವರ್ಷಕ್ಕೆ ಎರಡು ಸಲ ಏರುತ್ತದೆ. ಒಂದು ಮಳೆಗಾಲ ಮುಗಿಯುವ ಹೊತ್ತಿಗೆ, ಇನ್ನೊಂದು ಜನವರಿಯಿಂದ ಮಾರ್ಚ್ ತನಕ. ಇದು ಎರಡನೆಯದರ ಮುನ್ನುಡಿ ಇರಬಹುದು ಅಂದರು. ಅತ್ತೆಗೆ ಅಕ್ಟೋಬರ್‌ನಲ್ಲೇ ಫ್ಲೂ ಲಸಿಕೆ ಹಾಕಿಸಿದ್ದೆವು. ಚುಚ್ಚಿದ ಮೇಲೆ ದೇಹ ತಯಾರಾಗಲು ಎರಡು ವಾರ ಬೇಕು, ಹಾಗಾಗಿ ಜ್ವರ ಬಂದ ಮೇಲೆ ಓಡಿದರೆ ಪ್ರಯೋಜನವಿಲ್ಲ.

ಪುಸ್ತಕ ನೋಡಿ ನಾನು ಬದಲಾಯಿಸಿದ್ದು ಒಂದೇ ವಿಷಯ, ಆದರೆ ಅದೇ ದೊಡ್ಡದು. ಜ್ವರ ಬಂದವರಿಗೆ ಎರಡು ದಿನ ಕೂಲಿ ಕೊಟ್ಟು ಮಲಗಿಸಿದೆ. ಮೊದಲು ಅರ್ಧ ಕೂಲಿ ಅಂದೆ. ಯಾರೂ ಜ್ವರ ಅಂತ ಒಪ್ಪಿಕೊಳ್ಳಲೇ ಇಲ್ಲ, ಮಾತ್ರೆ ನುಂಗಿ ಬುಟ್ಟಿ ಹಿಡಿದು ಬಂದರು. ಅಸ್ಸಾಂನಿಂದ ದುಡಿಯಲು ಬಂದವರು ಅರ್ಧ ಕೂಲಿಗೆ ಮಲಗುತ್ತಾರಾ? ಪೂರ್ತಿ ಕೊಟ್ಟ ಮೇಲೆ ನಿಜ ಹೇಳಿದರು. ಗಂಡನಿಗೆ ಇದು ಸರಿ ಬರಲಿಲ್ಲ, ಹಣ್ಣು ಗಿಡದಲ್ಲೇ ಒಣಗುತ್ತೆ ಅಂತ ಒಂದು ವಾರ ಮುಖ ಊದಿಸಿಕೊಂಡಿದ್ದರು. ಹತ್ತು ಜನ ಒಟ್ಟಿಗೆ ಮಲಗಿದರೆ ಏನು ಮಾಡ್ತೀರಿ ಅಂದಿದ್ದಕ್ಕೆ ಉತ್ತರ ಬರಲಿಲ್ಲ.

ದೂರದ ಸುದ್ದಿಯನ್ನು ನಾನು ಬಿಟ್ಟಿಲ್ಲ. ಹೊತ್ತು ಗೊತ್ತು ಮಾಡಿಕೊಂಡೆ. ಮಧ್ಯಾಹ್ನ ಕಣದಲ್ಲಿ ಕಾಫಿ ತಿರುವಿ ಹಾಕಿ ಬಂದ ಮೇಲೆ ಕಾಲು ಗಂಟೆ. ರಾತ್ರಿ ಮಲಗುವಾಗ ಇಲ್ಲವೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಟಣೆಗಳು, ರಾಜ್ಯ ಆರೋಗ್ಯ ಇಲಾಖೆಯ ಸೂಚನೆ, ಒಂದು ದಿನಪತ್ರಿಕೆ. ವಾಟ್ಸಾಪಿಗೆ ಬಂದ ವಿಡಿಯೋ ಯಾವ ತಾರೀಕಿನದು ಅಂತ ಗೊತ್ತಾಗದಿದ್ದರೆ ಅದನ್ನು ಯಾರಿಗೂ ಕಳಿಸುವುದಿಲ್ಲ. ಆ ನಿಯಮವನ್ನು ನಾನೇ ಮುರಿದಿದ್ದು ಆ ಜನವರಿಯ ಮೊದಲ ವಾರ. ಯಾವುದೋ ಆಸ್ಪತ್ರೆಯ ಕಾರಿಡಾರ್, ಮಾಸ್ಕ್ ಹಾಕಿದ ಜನ, ಹಿನ್ನೆಲೆಯಲ್ಲಿ ಭಯದ ಸಂಗೀತ. ನೋಡುತ್ತಿದ್ದ ಹಾಗೆ 2020 ನೆನಪಾಗಿ ಕೈ ತಾನಾಗಿ ಕಳಿಸಿಬಿಟ್ಟಿತು.

ಆಮೇಲೆ ಜ್ವರದಲ್ಲೇ ಕೂತು ಸರಿಯಾಗಿ ಓದಿದೆ. ಎಚ್‌ಎಂಪಿವಿ ಹೊಸದಲ್ಲ. ನೆದರ್‌ಲೆಂಡ್ಸ್‌ನಲ್ಲಿ 2001ರಲ್ಲೇ ಅದನ್ನು ಗುರುತಿಸಿದ್ದಾರೆ. ಹಸುಗೂಸುಗಳಿಗೆ ಉಸಿರಾಟದ ತೊಂದರೆ ಕೊಡುವ ಆರ್‌ಎಸ್‌ವಿ ಕುಟುಂಬದ್ದೇ. ಐದು ವರ್ಷ ತುಂಬುವುದರೊಳಗೆ ಹೆಚ್ಚಿನ ಮಕ್ಕಳಿಗೆ ಒಮ್ಮೆಯಾದರೂ ಬಂದು ಹೋಗಿರುತ್ತದೆ. ಜನವರಿ 7ರಂದು ವಿಶ್ವ ಆರೋಗ್ಯ ಸಂಸ್ಥೆಯೂ, ಚೀನಾದಲ್ಲಿ ಕಾಣುತ್ತಿರುವುದು ಚಳಿಗಾಲಕ್ಕೆ ನಿರೀಕ್ಷಿಸಿದಷ್ಟೇ, ಅಸಹಜ ಹರಡುವಿಕೆ ಅಲ್ಲ ಅಂತ ಹೇಳಿತು. ಆದರೆ 6ರಂದೇ ಸೆನ್ಸೆಕ್ಸ್ 1,258 ಅಂಕ ಬಿದ್ದಿತ್ತು. ಬೀಳಲು ಬೇರೆ ಕಾರಣಗಳೂ ಇದ್ದಿರಬಹುದು. ಆದರೂ ಷೇರು ಮಾರುವವರೂ ನನ್ನ ಹಾಗೇ ವಾಟ್ಸಾಪ್ ನೋಡುತ್ತಾರೇನೋ ಅನಿಸಿತು.

ಯಾವ ಸುದ್ದಿ ಬಂದರೂ ಈಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದು: ಇದರಿಂದ ನಾಳೆ ಬೆಳಗ್ಗೆ ನಾನು ಮಾಡುವ ಕೆಲಸ ಏನಾದರೂ ಬದಲಾಗುತ್ತದಾ? ಹೆಚ್ಚಿನ ಸಲ ಇಲ್ಲ. ಹೆಸರು ಯಾವುದಾದರೇನು, ಕೆಮ್ಮುವವರು ಅತ್ತೆಯಿಂದ ದೂರ ಇರಬೇಕು, ಕೋಣೆಗೆ ಗಾಳಿ ಬರಬೇಕು.

ಈ ಗಾಳಿ ವಿಷಯಕ್ಕೆ ನಮ್ಮ ಮನೆಯಲ್ಲಿ ಆದಷ್ಟು ಜಗಳ ಬೇರೆ ಯಾವುದಕ್ಕೂ ಆಗಿಲ್ಲ. ಡಿಸೆಂಬರ್ ರಾತ್ರಿ ಮೈ ಕೊರೆಯುವ ಚಳಿ. ಹೊರಗೆ ಮಂಜು. ಅಂಥದ್ದರಲ್ಲಿ ಕಿಟಕಿ ತೆಗಿ ಅಂದರೆ ಯಾರು ಕೇಳುತ್ತಾರೆ? "ಥಂಡಿ ಗಾಳಿಯಿಂದಲೇ ಶೀತ ಆಗೋದು" ಅಂತ ಅತ್ತೆ. ತಣ್ಣನೆ ಗಾಳಿ ಬಡಿದರೆ ಅವರಿಗೆ ದಮ್ಮು ಏಳುವುದು ನಿಜ, ಆ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಹಾಗಾಗಿ ಎಷ್ಟು ತೆಗೆದರೆ ಸಾಕು ಅಂತ ನೋಡಲು ಹೊರಟೆ. ಅತ್ತೆ ನಾದಿನಿ ಮನೆಗೆ ಹೋದ ದಿನ ನಡುಮನೆಯಲ್ಲಿ ಸಾಂಬ್ರಾಣಿ ಹೊಗೆ ಹಾಕಿದೆ. ಎಲ್ಲ ಮುಚ್ಚಿದಾಗ ಆ ಹೊಗೆ ಅರ್ಧ ಗಂಟೆ ಆದರೂ ತೊಲೆಯ ಕೆಳಗೆ ಕದಲದೆ ನಿಂತಿತ್ತು. ಒಂದೇ ಕಿಟಕಿ ಪೂರ್ತಿ ತೆಗೆದರೂ ಅಂಥ ವ್ಯತ್ಯಾಸ ಕಾಣಲಿಲ್ಲ, ಚಳಿ ಮಾತ್ರ ಬಂತು. ಎದುರುಬದುರು ಎರಡು ಕಿಟಕಿಯನ್ನು ನಾಲ್ಕು ಬೆರಳು ಅಗಲ ತೆಗೆದು, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿದೆ. ಹತ್ತು ನಿಮಿಷ ಆಗುವಷ್ಟರಲ್ಲಿ ಹೊಗೆ ಹೊರಗೆ. ಕೆಮ್ಮಿದವರ ಉಸಿರು ಕಣ್ಣಿಗೆ ಕಾಣುವುದಿಲ್ಲ, ಆದರೆ ಅದರಲ್ಲಿರುವ ಸಣ್ಣ ಹನಿಗಳೂ ಮುಚ್ಚಿದ ಕೋಣೆಯಲ್ಲಿ ಹೀಗೇ ತೇಲುತ್ತಾ ನಿಲ್ಲುತ್ತವೆ. ಗಂಡನಿಗೆ ಈ ಹೊಗೆ ತೋರಿಸಿದ ಮೇಲೆ ಕಿಟಕಿ ವಿಷಯಕ್ಕೆ ಅವರು ಸುಮ್ಮನಾದರು.

ಬಚ್ಚಲ ಒಲೆಯ ಸೌದೆ ಹೊಗೆ ಅತ್ತೆಯ ಕೋಣೆಗೆ ನುಗ್ಗುತ್ತಿದ್ದದ್ದೂ ಆ ದಿನವೇ ಕಣ್ಣಿಗೆ ಬಿತ್ತು. ಅವರ ಬೆಳಗಿನ ಕೆಮ್ಮಿಗೆ ಅರ್ಧ ಕಾರಣ ಅದೇ ಇತ್ತು. ಈಗ ಅವರ ಸ್ನಾನದ ನೀರಿಗೆ ಗೀಸರ್. ಹಂಡೆ ನೀರಿನ ಸುಖ ಇಲ್ಲ ಅಂತ ಇಂದಿಗೂ ಹೇಳುತ್ತಾರೆ.

ಅತಿಥಿಗಳಿಗೆ ಊಟ ಒಳಗೆ ಬೇಡ ಅಂತ ಜಗಲಿಗೆ ಹಾಕಿದೆ. ಅವರಿಗೆ ಅದೇ ಇಷ್ಟವಾಯಿತು. ಮಂಜು, ಅಗ್ಗಿಷ್ಟಿಕೆ, ಅಕ್ಕಿ ರೊಟ್ಟಿ, ಬೆಲ್ಲದ ಕಾಫಿ. ಫೋಟೋ ಮೇಲೆ ಫೋಟೋ. ಮುಂಗಡ ಕೊಟ್ಟವರಿಗೆ ಮೊದಲು ಮಾಸ್ಕ್ ಬಗ್ಗೆ ಒಂದು ಉದ್ದ ಸಂದೇಶ ಕಳಿಸಿದ್ದೆ. ಒಬ್ಬರು "ನಾವು ರಜೆಗೆ ಬರ್ತಿರೋದು, ಆಸ್ಪತ್ರೆಗಲ್ಲ" ಅಂತ ಬರೆದರು. ಸರಿ ಅಂತ ಬದಲಾಯಿಸಿದೆ: "ಮನೆಯಲ್ಲಿ ವಯಸ್ಸಾದವರಿದ್ದಾರೆ. ಯಾರಿಗಾದರೂ ಜ್ವರ, ಕೆಮ್ಮು ಇದ್ದರೆ ದಯವಿಟ್ಟು ಫೋನ್ ಮಾಡಿ. ಮುಂಗಡ ವಾಪಸ್ ಕೊಡುತ್ತೇವೆ, ಇಲ್ಲವೇ ಬೇರೆ ದಿನ ಕೊಡುತ್ತೇವೆ." ಎರಡು ಕುಟುಂಬ ಫೋನ್ ಮಾಡಿದವು. ಒಬ್ಬರಿಗೆ ಹಣ ವಾಪಸ್, ಇನ್ನೊಬ್ಬರು ಫೆಬ್ರವರಿಗೆ ಬಂದರು. ಹಣ ವಾಪಸ್ ಅನ್ನುವ ಮಾತು ಇಲ್ಲದಿದ್ದರೆ ಆ ಇಬ್ಬರೂ ಬಾಯಿ ಬಿಡುತ್ತಿರಲಿಲ್ಲ. ಲೈನ್ ಮನೆಯ ಪೂರ್ತಿ ಕೂಲಿ ಕಲಿಸಿದ ಪಾಠವೇ ಇಲ್ಲೂ ಕೆಲಸಕ್ಕೆ ಬಂತು.

ಹೇಳದೆ ಬಂದವರೂ ಇದ್ದರು. ಡಿಸೆಂಬರ್ 28ರ ರಾತ್ರಿ ಒಂದು ಮಗು ಕೆಂಪು ಕೆಂಪು ಮುಖ ಮಾಡಿಕೊಂಡು ಕಾರಿನಿಂದ ಇಳಿಯಿತು. ಮಾರನೇ ಬೆಳಗ್ಗೆ ಅವರ ಕೋಣೆಯ ಕಿಟಕಿ ಪಕ್ಕ ಜ್ವರದ ಸಿರಪ್ ಬಾಟಲಿ. ನನಗೆ ಸಿಟ್ಟು ಬಂತು. ಆದರೆ ವರ್ಷದ ಕೊನೆಯ ವಾರ ಮಡಿಕೇರಿಯಲ್ಲಿ ಎಲ್ಲೂ ಕೋಣೆ ಸಿಗುವುದಿಲ್ಲ, ಜ್ವರದ ಮಗುವನ್ನು ಎಲ್ಲಿಗೆ ಅಂತ ಕಳಿಸುವುದು? "ಆರು ತಿಂಗಳಿಂದ ಕಾದಿದ್ವಿ ಆಂಟಿ, ಸಾರಿ" ಅಂತ ಆ ತಾಯಿ ಕಣ್ಣಲ್ಲಿ ನೀರು ತಂದುಕೊಂಡಳು. ಹೊರಬಾಗಿಲಿರುವ ಕೊನೆಯ ಕೋಣೆಗೆ ಅವರನ್ನು ಬದಲಾಯಿಸಿದೆ. ಗಂಜಿ, ಮೆಣಸಿನ ಸಾರು ಅಲ್ಲಿಗೇ ಹೋಯಿತು. ಒಳಗೆ ಹೋಗುವಾಗ ನಾನು ಎನ್95 ಮಾಸ್ಕ್ ಹಾಕಿಕೊಂಡೆ. ಮಗುವಿಗೆ ಯಾವ ಕಷಾಯ ಕೊಡಬೇಕು ಅಂತ ಅತ್ತೆ ದೂರದಿಂದಲೇ ಕೂಗಿ ಹೇಳಿದರು. ಅವರಿಂದ ನಮ್ಮಲ್ಲಿ ಯಾರಿಗೂ ಏನೂ ಬರಲಿಲ್ಲ.

ಬಂದಿದ್ದು ನನ್ನಿಂದ. ಜನವರಿ 3ರಂದು ನಮ್ಮ ಹೆಂಗಸರ ಹೊಸ ವರ್ಷದ ಕೂಟ. ಚಳಿ ಅಂತ ಕಿಟಕಿಯೆಲ್ಲ ಮುಚ್ಚಿ ಪರದೆ ಎಳೆದಿದ್ದ ಹಾಲ್. ಮೂರು ಗಂಟೆ ಹಾಡು, ಆಟ, ನಗು. ಬ್ಯಾಗಿನಲ್ಲಿ ಮಾಸ್ಕ್ ಇತ್ತು, ಹಾಕಿಯೂ ಇದ್ದೆ. ಗ್ರೂಪ್ ಫೋಟೋಗೆ ತೆಗೆದವಳು ಮತ್ತೆ ಹಾಕಲಿಲ್ಲ. ಎಲ್ಲರೂ ಬರಿಮುಖದಲ್ಲಿರುವಾಗ ನನಗೊಬ್ಬಳಿಗೆ ಮುಜುಗರ, ಅಷ್ಟೇ ಕಾರಣ. 5ನೇ ತಾರೀಕು ಸಂಜೆ ಗಂಟಲು ಕೆರೆಯಿತು. ಫ್ಲೂ ಹತ್ತಿದವರಿಗೆ ಒಂದರಿಂದ ನಾಲ್ಕು ದಿನದಲ್ಲಿ ತಿಳಿಯುತ್ತದೆ, ಲೆಕ್ಕ ಸರಿಯಾಗಿ ಕೂತಿತು. ಆ ರಾತ್ರಿಯೇ ಅತಿಥಿ ಕೋಣೆಗೆ ಹೋಗಿ ಮಲಗಿದೆ. ಆದರೆ ಗಂಟಲು ಕೆರೆಯುವ ಒಂದು ದಿನ ಮುಂಚಿನಿಂದಲೇ ಇನ್ನೊಬ್ಬರಿಗೆ ಹರಡಬಹುದು. ಆ ಇಡೀ ದಿನ ನಾನು ಅತ್ತೆಯ ಜೊತೆ ಕೂತು ಕರಿಮೆಣಸು ಆರಿಸಿದ್ದೆ.

ಮನೆಯಲ್ಲಿದ್ದ ಕೊರೋನಾ ಕಿಟ್‌ನಲ್ಲಿ ನೆಗೆಟಿವ್ ಬಂತು. ಅದರರ್ಥ ಕೊರೋನಾ ಸಿಗಲಿಲ್ಲ ಅಂತ ಮಾತ್ರ. ಮೊದಲ ದಿನ ಮಾಡಿದರೆ ಅದೂ ತಪ್ಪಬಹುದು, ಹಾಗಾಗಿ ಎರಡು ದಿನ ಬಿಟ್ಟು ಇನ್ನೊಂದು ಮಾಡಿದೆ. ಎಚ್‌ಎಂಪಿವಿ ಪರೀಕ್ಷೆ ಮಾಡಿಸಲಾ ಅಂತ ಡಾಕ್ಟರಿಗೆ ಫೋನ್ ಮಾಡಿದರೆ, "ಮಾಡಿ ಏನು ಮಾಡ್ತೀರಮ್ಮ? ಅದಕ್ಕೆ ಅಂತ ಬೇರೆ ಔಷಧಿ ಇಲ್ಲ. ನೀರು ಕುಡೀರಿ, ಮಲಗಿ, ಅಜ್ಜಿ ಹತ್ತಿರ ಹೋಗಬೇಡಿ" ಅಂದರು. ಆಂಟಿಬಯೋಟಿಕ್ ಕೇಳಿದ್ದಕ್ಕೂ ಬೈದರು, ವೈರಸ್‌ಗೆ ಅದು ನಾಟುವುದಿಲ್ಲ.

ಆ ಮಧ್ಯೆ ಬೆಂಗಳೂರಿನಿಂದ ಚಿಕ್ಕ ನಾದಿನಿಯ ಫೋನ್. ಅವಳಿಗೆ ಐದು ತಿಂಗಳ ಮಗು, ಸಂಕ್ರಾಂತಿಗೆ ಬರುವವಳಿದ್ದಳು. "ಅತ್ತಿಗೆ, ಟಿವಿ ನೋಡಿದ್ರಾ? ಇಲ್ಲಿ ಇರೋಕೆ ಭಯ ಆಗ್ತಿದೆ. ನಾಳೆಯೇ ಹೊರಟು ಬರ್ಲಾ?" ಬಾ ಅನ್ನುವುದು ಬಾಯಿಗೆ ಬಂದಿತ್ತು, ತವರಿಗೆ ಬರಬೇಡ ಅಂತ ಹೇಗೆ ಹೇಳುವುದು? ಆದರೆ ಬೆಂಗಳೂರಲ್ಲಿ ಅವಳ ಮನೆಯಲ್ಲಿ ಯಾರಿಗೂ ಕೆಮ್ಮಿಲ್ಲ, ಇಲ್ಲಿ ನಾನೇ ಕೆಮ್ಮುತ್ತಿದ್ದೇನೆ. "ಅಲ್ಲೇ ಇರು, ಕೆಮ್ಮುವವರು ಮಗು ಎತ್ತಿಕೊಳ್ಳೋಕೆ ಬಿಡಬೇಡ. ಇಲ್ಲಿ ಎಲ್ಲ ಸರಿಯಾದ ಮೇಲೆ ಬಾ" ಅಂದೆ. ಅವಳಿಗೆ ಬೇಜಾರಾಯಿತು. ಅತ್ತೆಗೆ ಇನ್ನೂ ಜಾಸ್ತಿ, ಮೊಮ್ಮಗುವಿಗೆ ಅಂತ ಸ್ವೆಟರ್ ಹೆಣೆದು ಇಟ್ಟಿದ್ದರು.

8ರ ರಾತ್ರಿ ಅತ್ತೆಗೆ ದಮ್ಮು ಎದ್ದಿತು. ಗಂಡ ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡಿದರೆ ರಕ್ತದಲ್ಲಿ ಆಮ್ಲಜನಕ 86. ಅವರಿಗೆ ಸಾಮಾನ್ಯ ದಿನದಲ್ಲಿ 93 ಇರುತ್ತದೆ. ಆ ಅಂಕಿಯನ್ನು ಔಷಧಿ ಡಬ್ಬಿಯ ಮುಚ್ಚಳದ ಮೇಲೆ ಮೊದಲೇ ಬರೆದಿಟ್ಟಿದ್ದೆ. ನಮ್ಮ ಕೈಕಾಲು ನಡುಗಿತು. ಡಾಕ್ಟರ್ ಫೋನಿನಲ್ಲಿ ಮೊದಲು ಕೇಳಿದ್ದು, "ಕೈ ಬೆಚ್ಚಗಿದೆಯಾ?" ಬೆರಳು ಮಂಜುಗಡ್ಡೆ ಹಾಗಿತ್ತು. ತಣ್ಣಗಿನ ಬೆರಳಲ್ಲಿ ಆ ಯಂತ್ರ ಕಡಿಮೆ ತೋರಿಸಬಹುದು. ಕೊಡಗಿನ ಜನವರಿಯಲ್ಲಿ ಇದು ಗೊತ್ತಿರಲೇಬೇಕಾದ ವಿಷಯ, ನನಗೆ ಗೊತ್ತಿರಲಿಲ್ಲ. ಬಿಸಿನೀರಿನಲ್ಲಿ ಕೈ ಅದ್ದಿ, ಒರೆಸಿ, ಮತ್ತೆ ಹಾಕಿದರೆ 90. ಅದೂ ಕಡಿಮೆಯೇ, ಆದರೆ ರಾತ್ರಿ ಮಂಜಿನಲ್ಲಿ ದಿಕ್ಕು ತಪ್ಪಿ ಓಡುವ ಹಾಗಿರಲಿಲ್ಲ. ನೆಬುಲೈಜರ್ ಕೊಟ್ಟು, ಅರ್ಧ ಗಂಟೆಗೊಮ್ಮೆ ನೋಡಿ, ಮತ್ತೆ ಇಳಿದರೆ ತಕ್ಷಣ ಹೊರಡಿ ಅಂದರು. ಇಳಿಯಲಿಲ್ಲ. ಬೆಳಕು ಹರಿದ ಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋದರು. ನಾನು ಜೊತೆಗೆ ಹೋಗುವ ಹಾಗಿಲ್ಲ, ಜಗಲಿಯ ಕಂಬ ಹಿಡಿದು ನಿಂತಿದ್ದೆ. ಒಂದು ರಾತ್ರಿ ಅಲ್ಲಿದ್ದು ವಾಪಸ್ ಬಂದರು. ಪೂರ್ತಿ ಮೊದಲಿನ ಹಾಗೆ ಆಗಲು ಫೆಬ್ರವರಿ ಬಂತು. ಲಸಿಕೆ ಹಾಕಿಸಿದ್ದಕ್ಕೆ ಇಷ್ಟರಲ್ಲಿ ಮುಗಿಯಿತಾ? ಡಾಕ್ಟರ್ ಹಾಗೇ ಅಂದುಕೊಳ್ಳಿ ಅಂದರು. ನಾನು ಹಾಗೇ ಅಂದುಕೊಂಡಿದ್ದೇನೆ.

ನಾದಿನಿ ಮಗುವನ್ನು ಕರೆದುಕೊಂಡು ಬಂದಿದ್ದು ಫೆಬ್ರವರಿ ಕೊನೆಗೆ. ಸ್ವೆಟರ್ ಆಗಲೇ ಬಿಗಿಯಾಗಿತ್ತು.

ಹಾಜರಿ ಪುಸ್ತಕದಲ್ಲಿ ಆ ಕಾಲಂ ಈಗಲೂ ಇದೆ. ಅದರ ಕೊನೆಯ ಸಾಲಿಗೆ ನನ್ನ ಹೆಸರನ್ನೂ ಸೇರಿಸಿಕೊಂಡಿದ್ದೇನೆ. ಮುಚ್ಚಿದ ಹಾಲ್‌ಗೆ ಹೋಗಿ ಬಂದರೆ ಮೂರು ದಿನ ಅತ್ತೆಯ ಜೊತೆ ಕೂರುವುದು ಜಗಲಿಯಲ್ಲೇ. ಕಿಟಕಿ ಜಗಳ ಮಾತ್ರ ಮುಗಿದಿಲ್ಲ. ರಾತ್ರಿ ಅತ್ತೆಯ ಕೋಣೆಯ ಕಿಟಕಿಯನ್ನು ನಾಲ್ಕು ಬೆರಳು ಬಿಟ್ಟು ಬರುತ್ತೇನೆ. ಬೆಳಗ್ಗೆ ನೋಡಿದರೆ ಚಿಲಕ ಹಾಕಿರುತ್ತದೆ. ಇತ್ತೀಚೆಗೆ ನಾನೂ ಕೇಳುವುದು ಬಿಟ್ಟಿದ್ದೇನೆ, ಅಲ್ಲಿ ಮಲಗುವುದು ಅವರೊಬ್ಬರೇ.